ಲಾಗೋಸ್‌ನಲ್ಲಿ ಕೊಂಡ ಮರದ ಗೊಂಬೆ, ಟಿವಿ ಪಕ್ಕ ಇಡಬಹುದಾ?

ದಾವಣಗೆರೆ_ಟು_ಲಾಗೋಸ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ವಿಚಿತ್ರ ಪ್ರಶ್ನೆ, ನಗಬೇಡಿ.

ನಾನು ಕೆಲಸಕ್ಕೆಂದು ನೈಜೀರಿಯಾದ ಲಾಗೋಸ್‌ಗೆ ಬಂದು ಹದಿನಾಲ್ಕು ತಿಂಗಳಾಯಿತು. ಮುಂದಿನ ತಿಂಗಳು ಊರಿಗೆ ಹೊರಟಿದ್ದೇನೆ. ಮನೆಗೆ ಏನಾದರೂ ತಗೊಂಡು ಹೋಗೋಣ ಅಂತ ಕರಕುಶಲ ಸಾಮಾನು ಮಾರುವ ಒಂದು ಮಾರ್ಕೆಟ್‌ಗೆ ಹೋಗಿದ್ದೆ. ಜಿರಾಫೆ, ಆನೆ, ಉದ್ದ ಮೂತಿಯ ಮುಖವಾಡ ಎಲ್ಲ ಸಾಲಾಗಿ ಇಟ್ಟಿದ್ದರು, ಒಂದೂ ಹಿಡಿಸಲಿಲ್ಲ. ಮೂಲೆಯಲ್ಲಿ ಗೇಣುದ್ದದ ಒಂದು ಮರದ ಹೆಣ್ಣು ಗೊಂಬೆ ನಿಂತಿತ್ತು. ಮೈಗೆ ಹೋಲಿಸಿದರೆ ತಲೆ ತುಂಬಾ ದೊಡ್ಡದು. ಜಡೆಯ ಗೆರೆಗಳ ಸಂದಿಯಲ್ಲಿ ನೀಲಿ ಬಣ್ಣ, ಸೊಂಟಕ್ಕೆ ಕೆಂಪು ಬಿಳಿ ಮಣಿಯ ಸರ, ಮೈಗೆಲ್ಲ ಇಟ್ಟಿಗೆ ಪುಡಿ ಹಚ್ಚಿದ ಹಾಗೆ ಕೆಂಪು. ಮುಖ ಮಾತ್ರ ಸವೆದು ಮೂಗು ಇದೆಯೋ ಇಲ್ಲವೋ ಅನ್ನುವಂತಾಗಿತ್ತು. ಬಾವಿ ಕಟ್ಟೆಯ ಕಲ್ಲು ಹಗ್ಗ ಉಜ್ಜಿ ಉಜ್ಜಿ ನುಣ್ಣಗಾಗಿರುತ್ತಲ್ಲ, ಹಾಗೆ. ಚೌಕಾಸಿ ಮಾಡಿ ತಂದು ಟಿವಿ ಪಕ್ಕ ಇಟ್ಟೆ.

ಮೊನ್ನೆ ನಮ್ಮ ಆಫೀಸಿನ ಡ್ರೈವರ್ ಗ್ಯಾಸ್ ಸಿಲಿಂಡರ್ ಕೊಡಲು ಮೇಲೆ ಬಂದವರು ಅದನ್ನು ನೋಡಿ ಹಾಗೇ ನಿಂತುಬಿಟ್ಟರು. "ಈ ಮಗು ನಿಮಗೆ ಎಲ್ಲಿ ಸಿಕ್ಕಿತು?" ಅಂದರು. ಗೊಂಬೆ ಅನ್ನಲಿಲ್ಲ, ಮಗು ಅಂದರು. ಆಮೇಲೆ, "ಇನ್ನೊಂದು ಎಲ್ಲಿ?" ಅಂತ ಕೇಳಿದರು. ಇಲ್ಲ, ಒಂದೇ ಸಿಕ್ಕಿದ್ದು ಅಂದೆ. ನೀರು ಕೊಟ್ಟರೂ ಕುಡಿಯದೆ ಹೋದರು. ತುಂಬಾ ಮಾತಾಡುವ ಮನುಷ್ಯ ಅವರು.

ವಿಡಿಯೋ ಕಾಲ್‌ನಲ್ಲಿ ಮನೆಯವಳಿಗೆ ಹೇಳಿದ್ದೇ ತಪ್ಪಾಯಿತು. ಇದು ಸತ್ತವರಿಗೆ ಸಂಬಂಧಪಟ್ಟದ್ದೇ ಇರಬೇಕು, ಅಂಥದ್ದೇನೂ ಮನೆಯೊಳಗೆ ತರಬೇಡಿ ಅಂತ ಒಂದೇ ಹಟ. ಇದು ಏನು? ಇಡಬಹುದಾ? ಜೋಡಿಯಲ್ಲಿ ಒಂದನ್ನು ಮಾತ್ರ ಕೊಟ್ಟು ನನಗೆ ಟೋಪಿ ಹಾಕಿದರಾ?

ಮರಕುಟಿಗ

ನಗುವಂಥದ್ದೇನಿಲ್ಲ ಸರ್. ನಾನು ಕೆತ್ತನೆ ಕಲಿತವನು, ಆಫ್ರಿಕಾದ ಮರದ ಕೆಲಸದ ಹುಚ್ಚು ಇದೆ, ಗೊತ್ತಿರುವಷ್ಟು ಹೇಳುತ್ತೇನೆ.

ನೀವು ವರ್ಣಿಸಿದ್ದು ಎರೆ ಇಬೆಜಿ. ಯೊರುಬಾ ಭಾಷೆಯಲ್ಲಿ ಎರೆ ಎಂದರೆ ಪ್ರತಿಮೆ. ಇಬಿ ಎಂದರೆ ಹುಟ್ಟು, ಎಜಿ ಎಂದರೆ ಎರಡು, ಒಟ್ಟಿನಲ್ಲಿ ಅವಳಿಯ ಪ್ರತಿಮೆ. ನೀವಿರುವ ಲಾಗೋಸ್ ಯೊರುಬಾ ನೆಲವೇ. ಜಗತ್ತಿನಲ್ಲಿ ಅವಳಿ ಮಕ್ಕಳು ಅತಿ ಹೆಚ್ಚು ಹುಟ್ಟುವ ಜನರಲ್ಲಿ ಇವರೂ ಸೇರಿದ್ದಾರೆ, ಸಾವಿರ ಹೆರಿಗೆಗೆ ಸುಮಾರು 45 ಅವಳಿ ಹೆರಿಗೆ. ಇಗ್ಬೋ-ಓರಾ ಎಂಬ ಊರಿನವರು ತಮ್ಮೂರು ಜಗತ್ತಿನ ಅವಳಿ ರಾಜಧಾನಿ ಅಂತಲೇ ಹೇಳಿಕೊಳ್ಳುತ್ತಾರೆ.

ಆದರೆ ಅವಳಿ ಎಂದರೆ ದಿನ ತುಂಬುವ ಮೊದಲೇ ಹುಟ್ಟುವುದು, ತೂಕ ಕಡಿಮೆ ಇರುವುದು ಜಾಸ್ತಿ. ಹಿಂದಿನ ಕಾಲದಲ್ಲಿ ಒಂದು ಉಳಿದು ಒಂದು ಹೋಗುವುದು ಮಾಮೂಲಾಗಿತ್ತು. ಇಬ್ಬರಿಗೂ ಸೇರಿ ಒಂದೇ ಆತ್ಮ ಎಂಬುದು ಅವರ ನಂಬಿಕೆ. ಹೋದ ಮಗುವನ್ನು ಹಾಗೇ ಬಿಟ್ಟರೆ ಅದು ಉಳಿದದ್ದನ್ನೂ ತನ್ನ ಹತ್ತಿರ ಕರೆದುಕೊಂಡುಬಿಡಬಹುದು. ಅದಕ್ಕೆ ತಂದೆತಾಯಿ ಬಬಲಾವೊ, ಅಂದರೆ ಶಾಸ್ತ್ರ ಹೇಳುವವರ ಹತ್ತಿರ ಹೋಗುತ್ತಾರೆ. ಅವರು ಹೇಳಿದರೆ ಕೆತ್ತುವವರ ಹತ್ತಿರ. ಹೋದ ಮಗುವಿಗೆ ಇರಲು ಒಂದು ಮೈ ಮಾಡಿಕೊಡುವುದು.

ಹಾಗಾಗಿ "ಜೋಡಿಯಲ್ಲಿ ಒಂದೇ ಸಿಕ್ಕಿತು" ಅನ್ನುವುದನ್ನು ತಿರುಗಿಸಿ ನೋಡಿ. ಒಂದೇ ಗೊಂಬೆ ಇದ್ದರೆ, ಇನ್ನೊಂದು ಮಗು ಬದುಕಿತು ಅಂತಲೂ ಅರ್ಥವಾಗಬಹುದು. ಇಬ್ಬರೂ ಹೋದ ಮನೆಯಲ್ಲಿ ಎರಡು ಕೆತ್ತಿಸುತ್ತಿದ್ದರು. ವ್ಯಾಪಾರಿಗಳು ಜೋಡಿಯನ್ನು ಬಿಡಿಸಿ ಮಾರುವುದೂ ಉಂಟು. ಒಂದನ್ನೇ ನೋಡಿ ಯಾವುದು ಅಂತ ಹೇಳಲಾಗದು. ಆದರೆ ನಿಮ್ಮ ಡ್ರೈವರ್ "ಇನ್ನೊಂದು ಎಲ್ಲಿ" ಅಂತ ಯಾಕೆ ಕೇಳಿದರು ಅಂತ ಈಗ ಗೊತ್ತಾಯಿತಲ್ವಾ?

ದಾವಣಗೆರೆ_ಟು_ಲಾಗೋಸ್

ಅಯ್ಯೋ. ಇದನ್ನು ಓದಿ ಟಿವಿ ಆಫ್ ಮಾಡಿ ಕೂತಿದ್ದೇನೆ.

ಆದರೆ ಒಂದು ಸಂಶಯ. ಮಗು ಅನ್ನುತ್ತೀರಿ, ಇದಕ್ಕೆ ಎದೆ ಬೆಳೆದಿದೆ, ತುರುಬು ಇದೆ. ದೊಡ್ಡ ಹೆಂಗಸಿನ ಹಾಗೇ ಇದೆಯಲ್ಲ?

ಮರಕುಟಿಗ

ಹೌದು, ಹಾಗೇ ಕೆತ್ತುವುದು. ಹಸುಗೂಸು ಸತ್ತರೂ ಬೆಳೆದು ನಿಂತ ಆಳನ್ನೇ ಕೆತ್ತುತ್ತಾರೆ, ಗಂಡಾದರೆ ಗಂಡು, ಹೆಣ್ಣಾದರೆ ಹೆಣ್ಣು, ಕೆನ್ನೆಯ ಮೇಲೆ ಆ ಮನೆತನದ ಗೆರೆಗಳು. ಆ ಮಗು ಬೆಳೆದಿದ್ದರೆ ಹೇಗಿರುತ್ತಿತ್ತೋ ಹಾಗೆ.

ತಲೆ ದೊಡ್ಡದಾಗಿರುವುದಕ್ಕೂ ಕಾರಣ ಇದೆ, ಕೆತ್ತುವವರ ಅಳತೆ ತಪ್ಪಿ ಅಲ್ಲ. ಯೊರುಬಾದಲ್ಲಿ ತಲೆಗೆ ಒರಿ ಅನ್ನುತ್ತಾರೆ, ಹಣೆಬರಹಕ್ಕೂ ಅದೇ ಮಾತು. ನಮ್ಮಲ್ಲಿ ಹಣೆಬರಹವನ್ನು ಬ್ರಹ್ಮ ಬರೆದು ಕಳಿಸುತ್ತಾನೆ. ಅವರಲ್ಲಿ ಅಜಾಲಾ ಎಂಬ ಕುಂಬಾರನಿದ್ದಾನೆ, ತಲೆಗಳನ್ನು ಮಾಡಿ ಇಡುತ್ತಾನೆ. ಭೂಮಿಗೆ ಬರುವ ಮೊದಲು ಪ್ರತಿಯೊಬ್ಬರೂ ಅವನ ಹತ್ತಿರ ಹೋಗಿ ತಮ್ಮ ತಲೆ ತಾವೇ ಆರಿಸಿಕೊಳ್ಳಬೇಕು. ಕೆಲವು ಸರಿಯಾಗಿ ಬೆಂದಿರುವುದಿಲ್ಲ, ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ನನಗಂತೂ ಬ್ರಹ್ಮನಿಗಿಂತ ಈ ಕುಂಬಾರನ ಲೆಕ್ಕವೇ ಸರಿ ಅನ್ನಿಸುತ್ತದೆ, ಬೈಯುವುದಾದರೆ ನಮ್ಮನ್ನೇ ಬೈದುಕೊಳ್ಳಬಹುದು.

ಓಯೋ_ಮೇಷ್ಟ್ರು

ನನಗೆ ಈಗ ಎಪ್ಪತ್ತೈದು ದಾಟಿದೆ, ಟೈಪ್ ಮಾಡುವುದು ನಿಧಾನ, ತಪ್ಪಿದ್ದರೆ ಕ್ಷಮಿಸಿ.

1979ರಿಂದ 1985ರವರೆಗೆ ನಾನು ಓಯೋ ರಾಜ್ಯದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಆಗ ಅಲ್ಲಿ ಎಣ್ಣೆ ದುಡ್ಡು ಚೆನ್ನಾಗಿತ್ತು, ನಮ್ಮ ದೇಶದ ಎಷ್ಟೋ ಮೇಷ್ಟ್ರುಗಳು ಹೋಗಿದ್ದರು. ನಮ್ಮ ಪಕ್ಕದ ಮನೆಯಲ್ಲಿ ಬಟ್ಟೆ ವ್ಯಾಪಾರದ ಒಬ್ಬ ತಾಯಿ ಇದ್ದರು. ಇಡೀ ಮಾರ್ಕೆಟ್ ಅವರನ್ನು ಇಯಾ ಇಬೆಜಿ ಎಂದೇ ಕರೆಯುತ್ತಿತ್ತು. ಅವಳಿಗಳ ತಾಯಿ ಅಂತ. ಆದರೆ ಆ ಮನೆಯಲ್ಲಿ ಓಡಾಡುತ್ತಿದ್ದದ್ದು ಒಬ್ಬನೇ ಹುಡುಗ, ಐದಾರು ವರ್ಷದವನು. ಇನ್ನೊಬ್ಬ ಅಜ್ಜಿ ಮನೆಯಲ್ಲಿರಬೇಕು ಎಂದು ನಾವು ಬಹಳ ದಿನ ಅಂದುಕೊಂಡಿದ್ದೆವು.

ನಮ್ಮ ಅಡುಗೆಮನೆ ಕಿಟಕಿಯಿಂದ ಅವರ ಹಿತ್ತಿಲು ಕಾಣುತ್ತಿತ್ತು. ಬೆಳಿಗ್ಗೆ ಎನಾಮಲ್ ಬೇಸಿನ್ನಿನಲ್ಲಿ ಹುಡುಗನಿಗೆ ಸ್ನಾನ ಮಾಡಿಸುತ್ತಿದ್ದರು. ಅವನನ್ನು ಒರೆಸಿ ಕಳಿಸಿ, ಸೆರಗಿನಂತೆ ಸುತ್ತಿಕೊಂಡ ಬಟ್ಟೆಯ ಮಡಿಕೆಯಿಂದ ಒಂದು ಸಣ್ಣ ಗೊಂಬೆ ತೆಗೆಯುತ್ತಿದ್ದರು. ಅದಕ್ಕೂ ಸ್ನಾನ. ಬೊಗಸೆ ನೀರಿನಲ್ಲಿ ಮುಖ ತೊಳೆದು, ಹೆಬ್ಬೆರಳಿನಿಂದ ಕಣ್ಣು, ಮೂಗು, ಬಾಯಿ ಉಜ್ಜುವುದು. ಕೂಸಿನ ಮುಖ ಉಜ್ಜುವ ಹಾಗೆಯೇ. ಆಮೇಲೆ ಒಂದು ಕೆಂಪು ಮರದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಮೈಗೆ ಹಚ್ಚುವುದು, ಅದಕ್ಕೆ ಅವರು ಓಸುನ್ ಅನ್ನುತ್ತಿದ್ದರು. ತಲೆಗೆ ನೀಲಿ. ಯಾವ ನೀಲಿ ಅಂದುಕೊಂಡಿರಿ? ನಾನು ಶಾಲೆಯ ಬಿಳಿ ಅಂಗಿಗೆ ಹಾಕುತ್ತಿದ್ದ ಅದೇ ಬಟ್ಟೆ ನೀಲಿ, ಅದೇ ಅಂಗಡಿಯದು! ಹುಡುಗನಿಗೆ ತಿಂಡಿ ಕೊಡುವಾಗ ಒಂದು ಚೂರು ಗೊಂಬೆಯ ತುಟಿಗೆ ಮುಟ್ಟಿಸಿಯೇ ಅವನಿಗೆ ಕೊಡುತ್ತಿದ್ದರು.

ಅವಳಿಗಳಿಗೆ ಅಲಸಂದೆ ಬಹಳ ಇಷ್ಟ ಎಂದು ಅಲ್ಲಿನ ನಂಬಿಕೆ. ವರ್ಷಕ್ಕೊಮ್ಮೆ ತಾಳೆ ಎಣ್ಣೆ ಹಾಕಿ ದೊಡ್ಡ ಪಾತ್ರೆಯಲ್ಲಿ ಅಲಸಂದೆ ಬೇಯಿಸಿ ಬೀದಿಯ ಮಕ್ಕಳಿಗೆಲ್ಲ ಹಂಚುತ್ತಿದ್ದರು. ನಮ್ಮ ಮಕ್ಕಳೂ ಹೋಗಿ ತಿಂದು ಬರುತ್ತಿದ್ದರು. ಅಲಸಂದೆ ರುಬ್ಬಿ ಮಾಡುವ ಅಕಾರಾ ಎಂಬ ವಡೆಯ ರುಚಿ ನನ್ನ ಹೆಂಡತಿ ಸಾಯುವ ತನಕ ನೆನೆಸಿಕೊಳ್ಳುತ್ತಿದ್ದಳು.

ಇನ್ನೊಂದು ಹೇಳಬೇಕು. ಆ ತಾಯಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದರು. ಪಾಸ್ಟರ್ ಮನೆಗೆ ಬರುವ ದಿನ ಮಾತ್ರ ಗೊಂಬೆ ಟ್ರಂಕಿಗೆ. ಪಾಸ್ಟರ್ ಗೇಟು ದಾಟುತ್ತಿದ್ದ ಹಾಗೆ ಮತ್ತೆ ಆಚೆಗೆ. ನನ್ನ ಹೆಂಡತಿ ಒಮ್ಮೆ ನಗುತ್ತಾ ಕೇಳಿದ್ದಕ್ಕೆ, "ಪಾಸ್ಟರ್‌ಗೆ ದೇವರು ಗೊತ್ತು, ನನ್ನ ಮಗ ಗೊತ್ತಿಲ್ಲ" ಅಂದರಂತೆ.

ಆ ಗೊಂಬೆಯ ಮುಖವೂ ಸವೆದಿತ್ತು. ದಿನಾ ಮುಖ ತೊಳೆದರೆ ಸವೆಯದೆ ಏನಾಗುತ್ತದೆ.

ಸುಮ್ನೆ_ಕೇಳಿದೆ

ಎಲ್ಲ ಸರಿ ಸರ್, ಆದರೆ ಇದು ಮೂಢನಂಬಿಕೆ ತಾನೇ? ಮರಕ್ಕೆ ಊಟ ಹಾಕುವುದು, ಸ್ನಾನ ಮಾಡಿಸುವುದು... ನಮ್ಮಲ್ಲೇ ಇಂಥದ್ದನ್ನು ಬಿಡಿ ಅಂತ ಹೇಳಿ ಸಾಕಾಗಿದೆ, ಆಫ್ರಿಕಾದ್ದಾದರೆ "ಕಲೆ" ಅಂತ ತಲೆ ಮೇಲೆ ಹೊತ್ತುಕೊಳ್ಳುತ್ತೀರಿ. ಜೊತೆಗೆ ಇವೆಲ್ಲ ಹೆಸರಿಲ್ಲದ ಜನಪದರು ತಲೆತಲಾಂತರದಿಂದ ಒಂದೇ ಥರ ಮಾಡಿಕೊಂಡು ಬಂದದ್ದು. ಕಲೆ ಅನ್ನಬೇಕಾದರೆ ಕಲಾವಿದ ಬೇಡವೇ?

ಓಯೋ_ಮೇಷ್ಟ್ರು

ಮೂಢನಂಬಿಕೆ ಅನ್ನಿ, ನನ್ನ ತಕರಾರಿಲ್ಲ. ನಾನೂ ಗಣಿತದ ಮೇಷ್ಟ್ರು. ಆದರೆ ಆ ಹುಡುಗನಿಗೆ ಮಲೇರಿಯಾ ಬಂದಾಗ ಆ ತಾಯಿ ಮೊದಲು ಓಡಿದ್ದು ಆಸ್ಪತ್ರೆಗೇ. ಗೊಂಬೆಯೂ ಜೊತೆಗಿತ್ತು, ಮಡಿಲಲ್ಲಿ.

ಮರಕುಟಿಗ

ಕಲಾವಿದ ಇಲ್ಲ ಅಂದಿದ್ದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಇದು ನನ್ನ ನೋವಿನ ಜಾಗ.

ಹೆಸರು ಇಲ್ಲದ್ದಲ್ಲ, ಬರೆದುಕೊಂಡಿಲ್ಲದ್ದು. ಕೊಂಡೊಯ್ದ ಬಿಳಿಯರು ಹೆಚ್ಚಿನವರು "ಇದನ್ನು ಯಾರು ಕೆತ್ತಿದರು" ಅಂತ ಕೇಳಲೇ ಇಲ್ಲ. ಊರಿನವರಿಗೆ ಯಾರ ಕೈ ಅಂತ ಗೊತ್ತಿತ್ತು. ಇಸೆ ಊರಿನ ಓಲೊವೆ ಅಂತ ಒಬ್ಬರಿದ್ದರು, 1938ರಲ್ಲಿ ತೀರಿಕೊಂಡರು. ಅರಸರು ಅವರನ್ನು ಕರೆಸಿ ಅರಮನೆಗೆ ಕಂಬ, ಬಾಗಿಲು ಮಾಡಿಸುತ್ತಿದ್ದರು. ಇಕೆರೆಯ ಅರಮನೆಗೆ ಅವರು ಕೆತ್ತಿದ ಬಾಗಿಲಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬ ಅರಸರನ್ನು ನೋಡಲು ಬರುತ್ತಿದ್ದಾನೆ, ಹಮಾಲರು ಅವನನ್ನು ಹೊತ್ತಿದ್ದಾರೆ. ಆ ಬಾಗಿಲು 1924ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಸಾಮ್ರಾಜ್ಯದ ವಸ್ತುಪ್ರದರ್ಶನಕ್ಕೆ ಹೋಯಿತು. ಬ್ರಿಟಿಷ್ ಮ್ಯೂಸಿಯಂನವರಿಗೆ ಬೇಕೆನ್ನಿಸಿತು. ಅರಸರು ಸುಮ್ನೆ ಬಿಟ್ಟುಕೊಡಲಿಲ್ಲ, ಬದಲಿಗೆ ಇಂಗ್ಲೆಂಡಿನಲ್ಲಿ ಮಾಡಿದ ಒಂದು ಸಿಂಹಾಸನ ತರಿಸಿಕೊಂಡರು. ಬಾಗಿಲು ಈಗಲೂ ಲಂಡನ್ನಿನಲ್ಲೇ ಇದೆ.

ಒಂದೇ ಥರ ಅನ್ನುವುದೂ ತಪ್ಪು. ಲಮಿದಿ ಫಾಕೆಯೆ ಅಂತ 2009ರಲ್ಲಿ ತೀರಿಕೊಂಡ ಇನ್ನೊಬ್ಬ ದೊಡ್ಡವರು, ತಲೆಮಾರುಗಳಿಂದ ಕೆತ್ತನೆಯ ಮನೆತನ. ಆ ಮುಸ್ಲಿಂ ಮನುಷ್ಯ ಕಲಿತದ್ದು ಓಯೆ-ಎಕಿತಿಯಲ್ಲಿ ಒಬ್ಬ ಕ್ಯಾಥೊಲಿಕ್ ಪಾದ್ರಿ ನಡೆಸುತ್ತಿದ್ದ ಕೆತ್ತನೆಯ ಕಾರ್ಯಾಗಾರದಲ್ಲಿ, ಜಾರ್ಜ್ ಬಂದೆಲೆ ಎಂಬ ಗುರುಗಳ ಕೈಕೆಳಗೆ. ಬಂದೆಲೆಯವರ ತಂದೆ ಅರೆಒಗುನ್, ಅವರೂ ಹೆಸರಾದ ಕೆತ್ತನೆಗಾರರೇ. ಅದೇ ಬಾಚಿ, ಅದೇ ಚಾಕು, ಅದೇ ದೊಡ್ಡ ತಲೆ. ಒಂದು ದಿನ ದೇವರ ಗುಡಿಗೆ, ಇನ್ನೊಂದು ದಿನ ಚರ್ಚಿಗೆ ಮೇರಿ ಮತ್ತು ಬಾಲ ಯೇಸು. ಬಾಚಿ ಬಗ್ಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಒಂದೇ ತುಂಡು ಮರದಲ್ಲಿ ಅಷ್ಟೂ ತೆಗೆಯಬೇಕು, ಅಂಟಿಸುವುದು ಜೋಡಿಸುವುದು ಇಲ್ಲ. ಒಂದು ಏಟು ಜಾಸ್ತಿ ಬಿತ್ತೋ, ಮೂಗು ಹೋಯಿತು.

ದಾವಣಗೆರೆ ಸರ್, ನಿಮಗೆ ಎರಡು ಮಾತು. ಹೆಚ್ಚು ಸವೆದದ್ದಕ್ಕೆ ಹೆಚ್ಚು ಬೆಲೆ ಅಂತ ವ್ಯಾಪಾರಿಗಳಿಗೆ ಗೊತ್ತು. ಹೊಸದನ್ನೇ ಉಪ್ಪುಕಾಗದ, ಅಂದರೆ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ, ಚಹಾ ನೀರು, ಬೂಟ್ ಪಾಲಿಶ್ ಹಚ್ಚಿ ಹಳೆಯದು ಮಾಡುತ್ತಾರೆ. ಟಾರ್ಚ್ ಹಿಡಿದು ಮುಖ ನೋಡಿ. ಕೈಯಲ್ಲಿ ಸವೆದದ್ದಾದರೆ ಗೀರು ಇರುವುದಿಲ್ಲ, ಕಣ್ಣಿನ ಗುಳಿ, ಕಂಕುಳ, ಜಡೆಯ ಸಂದಿಯಲ್ಲಿ ಕೆಂಪು ಪುಡಿ ಪದರ ಪದರವಾಗಿ ಗಟ್ಟಿಯಾಗಿ ಕೂತಿರುತ್ತದೆ. ಎರಡನೆಯದು, ನೈಜೀರಿಯಾದಿಂದ ಹಳೆಯ ವಸ್ತುಗಳನ್ನು ಅಲ್ಲಿನ ವಸ್ತುಸಂಗ್ರಹಾಲಯ ಮತ್ತು ಸ್ಮಾರಕಗಳ ರಾಷ್ಟ್ರೀಯ ಆಯೋಗದ ಅನುಮತಿ ಇಲ್ಲದೆ ಹೊರಗೆ ತರುವಂತಿಲ್ಲ. ಹೊಸದಾದರೂ ಹಳೆಯದಲ್ಲ ಅನ್ನುವ ಒಂದು ಕಾಗದ ಮಾಡಿಸಿಕೊಳ್ಳಿ, ಏರ್‌ಪೋರ್ಟ್‌ನಲ್ಲಿ ಪರದಾಡುವುದು ಬೇಡ.

ಅಕ್ರಾ_ಅಡುಗೆಮನೆ

ನಾನು ಘಾನಾದಲ್ಲಿದ್ದೇನೆ, ಹುಬ್ಬಳ್ಳಿಯವಳು. ಇಲ್ಲಿಯ ಕಥೆಯೇ ಬೇರೆ. ಆಫ್ರಿಕಾದ ಗೊಂಬೆ ಅಂದರೆ ಎಲ್ಲ ಒಂದೇ ಅಂತ ತಿಳಿಯಬೇಡಿ, ಐವತ್ತನಾಲ್ಕು ದೇಶ ರೀ ಅದು.

ಇಲ್ಲಿ ಅಕನ್ ಜನರಲ್ಲಿ ಅಕುಆಬಾ ಅಂತ ಒಂದು ಗೊಂಬೆ ಇದೆ. ತಲೆ ತಟ್ಟೆಯ ಹಾಗೆ ಗುಂಡಗೆ, ಚಪ್ಪಟೆ. ಅದು ಸತ್ತ ಮಗುವಿಗಲ್ಲ, ಇನ್ನೂ ಹುಟ್ಟದ ಮಗುವಿಗೆ. ಮಕ್ಕಳಾಗದ ಹೆಂಗಸು ಅದನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡುವುದು. ಅಕುವಾ ಎಂಬುವಳು ಮೊದಲು ಹಾಗೆ ಮಾಡಿದಳಂತೆ, ಊರವರೆಲ್ಲ ಆಡಿಕೊಂಡು ನಕ್ಕರಂತೆ, ಕೊನೆಗೆ ಅವಳಿಗೆ ಹೆಣ್ಣು ಮಗು ಹುಟ್ಟಿತಂತೆ. ಅಕುಆಬಾ ಅಂದರೆ ಅಕುವಾಳ ಮಗು. ಇಲ್ಲಿ ಮನೆತನ ತಾಯಿ ಕಡೆಯಿಂದ ನಡೆಯುತ್ತದೆ, ಹಾಗಾಗಿ ಗೊಂಬೆ ಹೆಚ್ಚಾಗಿ ಹೆಣ್ಣೇ. ನಮ್ಮ ಕಡೆಯ ಎಷ್ಟೋ ಜನಕ್ಕೆ ಇದನ್ನು ಹೇಳಬೇಕು ಅನ್ನಿಸುತ್ತದೆ.

ಇನ್ನೊಂದು, ಸ್ಟೂಲ್. ಬರೀ ಕೂರುವ ಮಣೆ ಅಂದುಕೊಂಡು ನಾನು ಒಮ್ಮೆ ಪರಿಚಯದ ಅಜ್ಜಿಯೊಬ್ಬರ ಮಣೆ ಮೇಲೆ ಕೂರಲು ಹೋಗಿ ಬೈಸಿಕೊಂಡಿದ್ದೇನೆ. ಕೂತವರ ಜೀವ ಅದರಲ್ಲಿ ಸೇರಿರುತ್ತದೆ ಅಂತ ನಂಬಿಕೆ. ಎದ್ದ ಮೇಲೆ ಮಣೆಯನ್ನು ಅಡ್ಡ ಮಲಗಿಸಿ ಇಡುತ್ತಾರೆ, ಬೇರೆ ಯಾವ ಜೀವವೂ ಬಂದು ಕೂರಬಾರದಲ್ಲ. ಅಕನ್ ಜನರಲ್ಲೇ ಒಂದು ಪಂಗಡವಾದ ಅಸಾಂಟೆಯವರ ಚಿನ್ನದ ಪೀಠದಲ್ಲಿ ಇಡೀ ಜನಾಂಗದ ಜೀವ ಇದೆ, ಅದರ ಮೇಲೆ ಅರಸರೂ ಕೂರುವುದಿಲ್ಲ. 1900ರಲ್ಲಿ ಹಾಜ್ಸನ್ ಎಂಬ ಬ್ರಿಟಿಷ್ ಗವರ್ನರ್ "ತನ್ನಿ, ನಾನು ಅದರ ಮೇಲೆ ಕೂರಬೇಕು" ಎಂದು ಕೇಳಿದ. ಎಜಿಸುವಿನ ರಾಜಮಾತೆ ಯಾ ಅಸಾಂಟೆವಾ ದಂಡು ಕಟ್ಟಿ ಯುದ್ಧಕ್ಕೇ ನಿಂತರು. ಯುದ್ಧ ಸೋತರು, ಪೀಠ ಮಾತ್ರ ಅವನ ಕೈಗೆ ಸಿಗಲಿಲ್ಲ.

ಸುಮ್ನೆ_ಕೇಳಿದೆ

ಸರಿ ಸರಿ, ಕಲಾವಿದರ ವಿಷಯ ಒಪ್ಪಿದೆ. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿ ಜನರಲ್ಲೂ ಈ ಅವಳಿ ಗೊಂಬೆ ಇದೆಯಾ? ಅವರೂ ಆಫ್ರಿಕಾದಿಂದಲೇ ಬಂದವರಲ್ವಾ?

ಯಲ್ಲಾಪುರದವಳು

ಇಲ್ಲ. ಈಗ ತಾನೇ ಅಕ್ಕ ಐವತ್ತನಾಲ್ಕು ದೇಶ ಅಂದರಲ್ಲ :) ಯೊರುಬಾ ಪಶ್ಚಿಮದವರು. ಸಿದ್ದಿಗಳ ಹಿರಿಯರು ಹೆಚ್ಚಾಗಿ ಪೂರ್ವ ಆಫ್ರಿಕಾದ ಕಡೆಯವರು, ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದರು, ತಪ್ಪಿಸಿಕೊಂಡವರು ನಮ್ಮ ಕಾಡಿಗೆ ಬಂದರು.

ಆದರೆ ಒಂದು ಕೊಂಡಿ ಇದೆ. ಹೆನ್ರಿ ಡ್ರೂವಲ್ ಅಂತ ಅಮೆರಿಕದ ಪ್ರೊಫೆಸರ್, ಯೊರುಬಾ ಕಲೆಯನ್ನೇ ದಶಕಗಳ ಕಾಲ ಓದಿದವರು, ಅಲ್ಲಿನ ಕೆತ್ತನೆಗಾರರ ಹತ್ತಿರ ಕೆಲಸವನ್ನೂ ಕಲಿತವರು. ಅವರು ಆಮೇಲೆ ನಮ್ಮ ಕಡೆ ಬಂದು ಸಿದ್ದಿ ಹೆಂಗಸರ ಕೌದಿಯ ಬೆನ್ನು ಹತ್ತಿದರು. ಹಳೆ ಸೀರೆ, ಅಂಗಿ, ಲುಂಗಿ ತುಂಡುಗಳನ್ನು ಇಟ್ಟು ಒಂದು ಮೂಲೆಯಿಂದ ಹೊಲಿಗೆ ಶುರು ಮಾಡಿ, ಅಂಚು ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಸಣ್ಣ ತ್ರಿಕೋನ ಹೊಲಿಯುತ್ತಾರೆ, ಅದಕ್ಕೆ ಫುಲ ಅಂತ ಹೆಸರು, ಹೂವು ಅಂತ. ಕೌದಿ ಎಷ್ಟೇ ಚಂದ ಇರಲಿ, ಫುಲ ಇಲ್ಲದಿದ್ದರೆ ಬತ್ತಲೆ ಅನ್ನುತ್ತಾರೆ. ಹೊದೆಯುವುದಕ್ಕೆ ಫುಲದಿಂದ ಏನೂ ಉಪಯೋಗ ಇಲ್ಲ, ಆದರೂ ಬೇಕೇ ಬೇಕು. ಕೂಸು ಹುಟ್ಟುತ್ತದೆ ಅಂದರೆ ಮೊದಲು ಹೊಲಿಯುವುದೇ ಸಣ್ಣ ಕೌದಿ.

ಮರಕುಟಿಗ

ಸಮುದ್ರದ ಕೊಂಡಿ ಇನ್ನೊಂದು ಇದೆ. ಕೆಲವು ಇಬೆಜಿಗಳಿಗೆ ಕವಡೆ ಪೋಣಿಸಿದ ಅಂಗಿ ತೊಡಿಸುತ್ತಾರೆ. ನಾವು ಚೌಕಾಬಾರ ಆಡುವ ಕವಡೆಯೇ. ಮಾಲ್ಡೀವ್ಸ್‌ನಿಂದ ಹಡಗು ಹಡಗು ತುಂಬಿ ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿತ್ತು, ಅಲ್ಲಿ ಅದೇ ದುಡ್ಡು. ಆ ದುಡ್ಡಿನಿಂದ ಮನುಷ್ಯರನ್ನೂ ಕೊಂಡರು. ಮಗುವಿಗೆ ಕವಡೆ ಅಂಗಿ ಅಂದರೆ ನೋಟಿನ ಅಂಗಿ ತೊಡಿಸಿದ ಹಾಗೆ.

ಮತ್ತೆ ಹೆಸರಿನ ವಿಷಯ ಹೇಳಲು ಮರೆತೆ. ಅವಳಿಗಳಿಗೆ ಹೆಸರು ಹುಡುಕುವಂತಿಲ್ಲ, ಗಂಡಾಗಲಿ ಹೆಣ್ಣಾಗಲಿ ಮೊದಲು ಹುಟ್ಟಿದ್ದು ತೈವೊ, ಆಮೇಲಿನದು ಕೆಹಿಂದೆ. ಮೊದಲು ಬಂದ ತೈವೊನೇ ಚಿಕ್ಕವನು! ದೊಡ್ಡವನಾದ ಕೆಹಿಂದೆ, "ಹೋಗು, ಲೋಕ ಹೇಗಿದೆ ರುಚಿ ನೋಡಿ ಹೇಳು" ಅಂತ ತಮ್ಮನನ್ನು ಮೊದಲು ಕಳಿಸುತ್ತಾನಂತೆ. ಒಬಾಮಾ ಅವರ ಭಾವಚಿತ್ರ ಬರೆದ ಕೆಹಿಂದೆ ವೈಲಿ ಗೊತ್ತಲ್ಲ, ಅವರ ಅವಳಿಯ ಹೆಸರು ಏನು ಅಂತ ನಾನು ಹೇಳಬೇಕಾಗಿಲ್ಲ.

ದಾವಣಗೆರೆ_ಟು_ಲಾಗೋಸ್

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ.

ಮೊದಲು ಟಾರ್ಚ್ ಹಿಡಿದು ನೋಡಿದೆ. ಮುಖದ ತುಂಬ ಸಣ್ಣ ಸಣ್ಣ ಗೀರು, ಎಲ್ಲ ಒಂದೇ ದಿಕ್ಕಿಗೆ. ಉಪ್ಪುಕಾಗದ. ಕೆಂಪು ಪುಡಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಂದುಬಿಟ್ಟಿತು, ಕೆಳಗೆ ಹಸಿ ಬಿಳಿ ಮರ. ಟೋಪಿ ಬಿದ್ದದ್ದು ನಿಜ, ಆದರೆ ನಾನು ಅಂದುಕೊಂಡ ರೀತಿಯಲ್ಲಲ್ಲ. ಮನೆಯವಳಿಗೆ ಹೇಳಿದೆ, ಹೊಸದಾದರೆ ತನ್ನಿ ಅಂದಳು, ಒಂದೇ ನಿಮಿಷದಲ್ಲಿ ಭಯ ಹೋಯಿತು.

ನಿನ್ನೆ ಕಾರಿನಲ್ಲಿ ಡ್ರೈವರ್‌ಗೂ ಹೇಳಿದೆ, ಅದು ಯಾವ ಮಗುವಿನದ್ದೂ ಅಲ್ಲ, ಮಾರಲೆಂದೇ ಮಾಡಿದ್ದು ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಬಹುದು ಸರ್. ಆದರೂ ಟಿವಿ ಪಕ್ಕ ಬೇಡ" ಅಂದರು. ಹದಿನಾಲ್ಕು ತಿಂಗಳಿಂದ ನಾನು ದಿನಾ ಕೂಗುತ್ತಿರುವ ಅವರ ಹೆಸರು ಮರಕುಟಿಗ ಅವರು ಹೇಳಿದ ಎರಡರಲ್ಲಿ ಮೊದಲನೆಯದು. ಒಂದು ದಿನವೂ ಅದರ ಅರ್ಥ ಕೇಳಿರಲಿಲ್ಲ.

ಸಿಗ್ನಲ್‌ನಲ್ಲಿ ನಿಂತಾಗ ಅವರೇ ಪರ್ಸ್ ತೆಗೆದು ಒಂದು ಹಳೆಯ ಫೋಟೋ ತೋರಿಸಿದರು. ಇಬ್ಬರು ಹುಡುಗರು, ಒಂದೇ ಚೌಕಳಿ ಅಂಗಿ, ಅಕ್ಕಪಕ್ಕ ಸ್ಟೂಲ್ ಮೇಲೆ ಕೂತಿದ್ದಾರೆ. ಅವಳಿಯಲ್ಲವೇ, ಎಷ್ಟು ಹೋಲುತ್ತೀರಿ ಅಂದೆ. "ಎರಡೂ ನಾನೇ" ಅಂದರು. ಅಣ್ಣ ಮೂರು ವರ್ಷಕ್ಕೇ ತೀರಿಕೊಂಡಿದ್ದ, ಅವರ ಊರಿನಲ್ಲಿ ಆಗಲೇ ಕೆತ್ತುವವರು ಉಳಿದಿರಲಿಲ್ಲ, ಸ್ಟುಡಿಯೋದವನು ಇವರ ಒಂದೇ ಫೋಟೋವನ್ನು ಎರಡು ಸಲ ಪ್ರಿಂಟ್ ಹಾಕಿ ಜೋಡಿಸಿಕೊಟ್ಟನಂತೆ. ಫೋಟೋದ ಎಡಗಡೆಯ ಹುಡುಗನ ಮುಖ ಮಾಸಿ ಬಿಳಿಚಿಕೊಂಡಿತ್ತು. ಅಮ್ಮ ಮುಟ್ಟಿ ಮುಟ್ಟಿ ಹಾಗಾಯಿತು ಅಂದರು. ಅಷ್ಟರಲ್ಲಿ ಹಿಂದಿನವರು ಹಾರನ್ ಹೊಡೆದರು, ಪರ್ಸ್ ಜೇಬಿಗೆ ಹಾಕಿಕೊಂಡು ಗಾಡಿ ಬಿಟ್ಟರು.

ಗೊಂಬೆ ಈಗ ಅಡುಗೆಮನೆ ಕಿಟಕಿ ಹತ್ತಿರ ಇದೆ.

ಓಯೋ_ಮೇಷ್ಟ್ರು

ಒಳ್ಳೆಯ ಜಾಗ.